ಕದ್ದವನು ಯಾರಿಗೆ ಬಾಕಿ?

— ನೋಡು ತಂಗಿ, ಕಳ್ಳತನವನ್ನು ಕೋರ್ಟಿನಲ್ಲಿ ಅಳೆಯುವ ಅಳತೆ ಬೇರೆ, ಹೊಳೆದಂಡೆಗೆ ಪಂಪ್‌ಸೆಟ್ ಕೂಡಿಸಿದ ರೈತನ ಅಳತೆ ಬೇರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ತಾಲ್ಲೂಕಿನ ಕಬ್ಬು ನಿಂತಿರುವುದು ಕೃಷ್ಣೆ, ಘಟಪ್ರಭೆಯಿಂದ ಎತ್ತಿದ ನೀರಿನ ಮೇಲೆ. ರಾತ್ರಿ ಬಂದ ಹುಡುಗ ಮೋಟರಿಗೆ ಕೈ ಹಚ್ಚುವುದಿಲ್ಲ, ಕೇಬಲ್ಲಷ್ಟೇ ಕೊಯ್ದುಕೊಂಡು ಹೋಗುತ್ತಾನೆ. ಮೇಲಿನ ಪ್ಲಾಸ್ಟಿಕ್ ಸುಟ್ಟು ಒಳಗಿನ ತಾಮ್ರವನ್ನು ಗುಜರಿಗೆ ಹಾಕಿದರೆ ಅವನಿಗೆ ಎರಡು-ಮೂರು ಸಾವಿರ ಸಿಗಬಹುದು. ಇತ್ತ ರೈತ ಹೊಸ ಕೇಬಲ್ ತರಬೇಕು, ಜೋಡಿಸುವವನನ್ನು ಹುಡುಕಬೇಕು, ಕರೆಂಟಿನ ಪಾಳಿ ಕಾಯಬೇಕು. ಬೇಸಿಗೆಯಲ್ಲಿ ಅಷ್ಟು ದಿನ ನೀರು ತಪ್ಪಿದರೆ ಕಬ್ಬಿನ ಎಲೆ ಸುರುಳಿ ಸುತ್ತಿ ನಿಲ್ಲುತ್ತದೆ. ಹೊಸ ನ್ಯಾಯ ಸಂಹಿತೆ ಏನನ್ನುತ್ತದೆ? ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ, ಮೊದಲ ಸಲದ ತಪ್ಪು, ಮಾಲು ತಿರುಗಿ ಕೊಟ್ಟಿದ್ದಾನೆ ಅಂದರೆ ಅವನಿಂದ ಸಮುದಾಯ ಸೇವೆ ಮಾಡಿಸಿ ಬಿಟ್ಟುಬಿಡಿ ಅನ್ನುತ್ತದೆ. ನೀವು ವಕೀಲರು ಇದನ್ನು ಸುಧಾರಣೆ ಅನ್ನುತ್ತೀರಿ. ಕೇಬಲ್ ಕಳಕೊಂಡವನು ಇದಕ್ಕೆ ಏನನ್ನಬೇಕು?

— ಕಾಕಾ, ಆ ರೈತನಿಂದಲೇ ಶುರು ಮಾಡೋಣ, ನನ್ನ ವಾದವೂ ಅವನದೇ. ಹುಡುಗನಿಗೆ ಮೂರು ತಿಂಗಳು ಸಜೆ ಆಯಿತು ಅಂತ ಹಿಡಿಯಿರಿ. ಅವನು ಬಾಗಲಕೋಟೆಯ ಜಿಲ್ಲಾ ಕಾರಾಗೃಹಕ್ಕೆ ಹೋಗುತ್ತಾನೆ. ಸರಕಾರ ಊಟ ಹಾಕುತ್ತದೆ, ಕಾವಲು ಕೊಡುತ್ತದೆ, ಮೂರು ತಿಂಗಳಾದ ಮೇಲೆ ಬಾಗಿಲು ತೆಗೆಯುತ್ತದೆ. ಇದರಲ್ಲಿ ರೈತನಿಗೆ ದಕ್ಕಿದ್ದೇನು? ಕೋರ್ಟಿಗೆ ಬಂದು ಸಾಕ್ಷಿ ಹೇಳಿದ ದಿನಗಳ ಕೂಲಿಯೂ ಅವನದೇ ಲುಕ್ಸಾನು. ಹೊರಗೆ ಬಂದ ಹುಡುಗ ತನ್ನ ಲೆಕ್ಕ ಸರಕಾರದ ಕೂಡ ಮುಗಿಯಿತು ಅಂದುಕೊಳ್ಳುತ್ತಾನೆ. ರೈತನ ಕೂಡ ಇದ್ದ ಲೆಕ್ಕ ಎಂದೂ ತೆರೆಯಲೇ ಇಲ್ಲ. ನನ್ನ ಮಾತು ಇಷ್ಟೇ: ಸಣ್ಣ ತಪ್ಪಿಗೆ, ಮೊದಲ ತಪ್ಪಿಗೆ ಜೈಲು ಕೊಟ್ಟಾಗ ತಪ್ಪಿತಸ್ಥ ತಾನು ಯಾರಿಗೆ ಹಾನಿ ಮಾಡಿದನೋ ಅವನಿಂದ ತಪ್ಪಿಸಿಕೊಳ್ಳುತ್ತಾನೆ. ಅದೇ ತಾಲ್ಲೂಕಿನಲ್ಲಿ, ಅದೇ ಜನರ ಕಣ್ಣೆದುರಿಗೆ, ಮುಚ್ಚಳಿಕೆ ಬರೆದುಕೊಟ್ಟು, ನಷ್ಟ ತುಂಬಿಕೊಡುತ್ತ ಬದುಕುವ ಶಿಕ್ಷೆಯಲ್ಲಿ ಆ ಲೆಕ್ಕ ತೆರೆಯುತ್ತದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಈ ದಾರಿಯನ್ನು ಆಗಲೇ ಮಾಡಿಟ್ಟಿದೆ. ಮರಣದಂಡನೆ ಅಥವಾ ಜೀವಾವಧಿ ಸಜೆ ಇರುವ ಅಪರಾಧ ಅಲ್ಲದಿದ್ದರೆ, ತಪ್ಪಿನ ಸ್ವರೂಪ ಮತ್ತು ಮನುಷ್ಯನ ನಡತೆ ನೋಡಿ ನ್ಯಾಯಾಧೀಶರು ಅವನನ್ನು ಮೂರು ವರ್ಷದವರೆಗಿನ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಬಹುದು. ಅದರ 5ನೇ ಕಲಂ ಬಗ್ಗೆ ಮಾತಾಡುವವರು ಕಡಿಮೆ. ಹೀಗೆ ಬಿಡುವಾಗಲೇ ಹಾನಿಗೊಳಗಾದವನಿಗೆ ಪರಿಹಾರ ಕೊಡು ಅಂತ ಆದೇಶಿಸುವ ಅಧಿಕಾರ ಅಲ್ಲಿದೆ. ಬರೀ ಕೇಬಲ್ಲಿನ ಬೆಲೆಯಲ್ಲ, ತಪ್ಪಿನಿಂದ ಆದ ನಷ್ಟಕ್ಕೆ ಪರಿಹಾರ. ಒಣಗಿದ ಕಬ್ಬಿನ ಮಾತು ಎತ್ತಬೇಕಾದದ್ದು ಅಲ್ಲಿ.

— ಪರಿಹಾರದ ಮಾತು ನನಗೂ ಹಿಡಿಸಿತು. ಆದರೆ ಹೆದರಿಕೆ? ಜೈಲು ಅನ್ನುವ ಮಾತಿಗೆ ಹೆದರಿ ಎಷ್ಟು ಜನ ಸುಮ್ಮನಿದ್ದಾರೋ ಯಾರು ಎಣಿಸಿದ್ದಾರೆ? ಹೊಳೆಯ ಮಗ್ಗುಲಲ್ಲಿ ಸಾವಿರಾರು ಮೋಟರುಗಳು ಕಾವಲಿಲ್ಲದೆ ಕುಳಿತಿವೆ. ಒಬ್ಬನನ್ನು ಬಿಟ್ಟರೆ ಹತ್ತು ಮಂದಿಗೆ ಧೈರ್ಯ ಬರುತ್ತದೆ.

— ಹೆದರಿಕೆ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೇಬಲ್ ಕೊಯ್ಯುವವನು ಆ ರಾತ್ರಿ ಲೆಕ್ಕ ಹಾಕುವುದು ಸಿಕ್ಕಿಬೀಳುತ್ತೇನೋ ಇಲ್ಲವೋ ಅಂತ, ಸಿಕ್ಕಿಬಿದ್ದರೆ ಮೂರು ತಿಂಗಳೋ ಆರು ತಿಂಗಳೋ ಅಂತ ಅಲ್ಲ. ಗುಜರಿ ಅಂಗಡಿಯಲ್ಲಿ ಸುಟ್ಟ ತಾಮ್ರ ಯಾರಿಂದ ಬಂತೆಂದು ಬರೆದಿಡುವ ಹಾಗೆ ಮಾಡಿದರೆ ಹುಟ್ಟುವ ಹೆದರಿಕೆ ಸಜೆಯ ತಿಂಗಳು ಹೆಚ್ಚಿಸುವುದರಿಂದ ಹುಟ್ಟುವುದಿಲ್ಲ. ಇನ್ನೊಂದು, ಜೈಲಿನೊಳಗೆ ಯಾರಿರುತ್ತಾರೆ ನೋಡ್ರಿ. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ 2022ರ ಅಂಕಿಸಂಖ್ಯೆಯಲ್ಲಿ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ, ಜಾಗ ಇದ್ದದ್ದು 4,36,266 ಮಂದಿಗೆ. ಒಳಗಿದ್ದವರಲ್ಲಿ 4,34,302 ಜನ ವಿಚಾರಣಾಧೀನರು, ಅಂದರೆ ನೂರಕ್ಕೆ ಸುಮಾರು 76 ಮಂದಿಗೆ ತಪ್ಪು ಸಾಬೀತಾಗಿರಲಿಲ್ಲ. ಇದರಿಂದ ತಿಳಿಯುವುದೇನು? ನಮ್ಮಲ್ಲಿ ಜೈಲು ಬಹುಪಾಲು ತೀರ್ಪಿಗಿಂತ ಮುಂಚೆಯೇ ಬರುವ ಶಿಕ್ಷೆ, ಅದು ಬೀಳುವುದು ಜಾಮೀನು ಕೊಡುವವರು ಸಿಗದವನ ಮೇಲೆ. ಜಾಮೀನಿಗೆ ಹೊಲದ ಉತಾರ ಬೇಕು. ಹೊಲ ಇದ್ದವನು ಅಣ್ಣನ ಹೆಸರಿನ ಉತಾರ ತಂದು ಸಂಜೆಗೆ ಮನೆಗೆ ಹೋಗುತ್ತಾನೆ, ಹೊಲ ಇಲ್ಲದವನು ಒಳಗೆ ಉಳಿಯುತ್ತಾನೆ. ಇಬ್ಬರ ತಪ್ಪೂ ಒಂದೇ ಆಗಿದ್ದಾಗ ಇದರಿಂದ ಯಾರಿಗೆ ಯಾವ ಪಾಠ? ಜಾಮೀನಿಗೆ ಅರ್ಹವಾದ ಅಪರಾಧದಲ್ಲಿ ಒಂದು ವಾರದೊಳಗೆ ಜಾಮೀನುದಾರ ಸಿಗದಿದ್ದರೆ ಅವನನ್ನು ಬಡವನೆಂದೇ ತಿಳಿದು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು ಅಂತ ಕಾನೂನಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಮೊದಲ ಸಲ ಸಿಕ್ಕಿಬಿದ್ದವನು ಗರಿಷ್ಠ ಸಜೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಮುಚ್ಚಳಿಕೆಯ ಮೇಲೆ ಬಿಡಬೇಕು, ಅದಕ್ಕೆ ಕೋರ್ಟಿಗೆ ಬರೆಯುವ ಹೊಣೆ ಜೈಲು ಅಧೀಕ್ಷಕರದು. ಜೀವಾವಧಿ, ಮರಣದಂಡನೆಯ ಅಪರಾಧಗಳಿಗೆ ಇದು ಹೊಂದುವುದಿಲ್ಲ, ಒಂದಕ್ಕಿಂತ ಹೆಚ್ಚು ಪ್ರಕರಣ ಇದ್ದವನಿಗೂ ಇಲ್ಲ.

— ಹೊಲ ಇಲ್ಲದವನ ಮಾತು ಖರೆ. ಬನಹಟ್ಟಿಯ ನೇಕಾರರಲ್ಲಿ ಎಷ್ಟು ಮಂದಿಗೆ ಉತಾರ ಇದೆ?

— ಅದೇ ನೇಕಾರನ ಮನೆಯನ್ನು ನೋಡೋಣ. ಮಾಲಕನ ಮಗ್ಗದ ಮೇಲೆ ಸೀರೆ ನೇಯುವವನು ಮದುವೆಗೋ ದವಾಖಾನೆಗೋ ಮುಂಗಡ ಇಸಕೊಂಡಿರುತ್ತಾನೆ. ಹೆಂಡತಿ ಮನೆಯಲ್ಲಿ ಕಂಡಿಕೆ ಸುತ್ತುತ್ತಾಳೆ, ಅವನು ನೇಯುತ್ತಾನೆ, ವಾರದ ಪಗಾರದಲ್ಲಿ ಮುಂಗಡ ಸ್ವಲ್ಪ ಸ್ವಲ್ಪ ಮುರಿಯುತ್ತದೆ. ಯಾವುದೋ ಜಗಳದಲ್ಲಿ ಒಬ್ಬರಿಗೆ ಬಡಿದ ತಪ್ಪಿಗೆ ಅವನು ಆರು ತಿಂಗಳು ಒಳಗೆ ಹೋದ ಅನ್ನಿ. ಮಾಲಕನಿಗೆ ಮಗ್ಗವನ್ನು ನಿಲ್ಲಿಸಿಡಲು ಆಗುವುದಿಲ್ಲ, ಬೀಮು ಏರಿಸಿದ ಮೇಲೆ ಬೇರೆಯವನನ್ನು ಕೂಡಿಸಲೇಬೇಕು. ನೇಯುವವನಿಲ್ಲದ ಮನೆಗೆ ಕಂಡಿಕೆಯ ಕೆಲಸವೂ ಬರುವುದಿಲ್ಲ, ಮುಂಗಡ ಮಾತ್ರ ಹೆಂಡತಿಯ ತಲೆಯ ಮೇಲೆ ಹಾಗೆಯೇ ಉಳಿಯುತ್ತದೆ. ಆರು ತಿಂಗಳ ಸಜೆ ಕೊಟ್ಟ ನ್ಯಾಯಾಧೀಶರು ಹೆಂಡತಿ-ಮಕ್ಕಳಿಗೆ ಸಜೆ ಕೊಟ್ಟಿಲ್ಲ, ಆದರೂ ಅದು ಅವರಿಗೇ ಹೆಚ್ಚು ತಟ್ಟುತ್ತದೆ. ಪರಿವೀಕ್ಷಣೆಯ ಮೇಲೆ ಬಿಟ್ಟಿದ್ದರೆ ಅವನು ಮಗ್ಗದ ಮೇಲೆಯೇ ಇರುತ್ತಿದ್ದ, ಬಡಿಸಿಕೊಂಡವನ ದವಾಖಾನೆ ಖರ್ಚು ಅವನ ಪಗಾರದಿಂದ ಬರುತ್ತಿತ್ತು. ಈ ಹಣ ಹುಟ್ಟುವುದು ದುಡಿಯುವ ಕೈಯಿಂದ. ಜೈಲಿನಲ್ಲಿ ಕುಳಿತವನಿಂದ ಪರಿಹಾರ ವಸೂಲಿ ಮಾಡುವುದು ಹೇಗೆ ಅಂತ ಜೈಲೇ ಬೇಕು ಅನ್ನುವವರು ಹೇಳಬೇಕು.

— 1958ರ ಕಾನೂನು ಅನ್ನುತ್ತೀ. ಅಷ್ಟು ವರ್ಷದಿಂದ ಇದ್ದದ್ದು ನಮ್ಮ ಮಂದಿಗೆ ಗೊತ್ತೇ ಇಲ್ಲ. ಜಾಮೀನು ಗೊತ್ತು, ದಂಡ ಗೊತ್ತು, ಅಪೀಲು ಗೊತ್ತು. ಒಳ್ಳೆಯ ಕಾನೂನಾಗಿದ್ದರೆ ಇಷ್ಟರಲ್ಲಿ ಬೇರು ಬಿಡುತ್ತಿರಲಿಲ್ಲವೇ?

— ಇನ್ನೂ ಹಳೆಯದು ಹೇಳುತ್ತೇನೆ ಕೇಳ್ರಿ. ಮುಂಬಯಿ ಪ್ರಾಂತ್ಯ 1938ರಲ್ಲಿಯೇ ಇಂತಹ ಕಾಯ್ದೆ ಮಾಡಿತ್ತು. ಬೀಳಗಿ ಆಗ ಅದೇ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿತ್ತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು, ಆ ಸಂಸ್ಥಾನಗಳು ಮುಂಬಯಿಯಲ್ಲಿ ಸೇರಿದ್ದು 1948ರಲ್ಲಿ. ಕಾನೂನು ಬೇರು ಬಿಡದಿರುವುದಕ್ಕೆ ಕಾರಣ ಅದರ ಒಳಗೇ ಇದೆ. ಪರಿವೀಕ್ಷಣೆಯ ಮೇಲೆ ಬಿಡುವ ಮುಂಚೆ ನ್ಯಾಯಾಧೀಶರು ಅಧಿಕಾರಿಯ ವರದಿ ನೋಡಬೇಕು. 21 ವರ್ಷ ತುಂಬದವನಾದರೆ ವರದಿ ತರಿಸಲೇಬೇಕು, ಜೈಲಿಗೆ ಕಳಿಸುವುದಾದರೆ ಯಾಕೆ ಅಂತ ಬರೆಯಬೇಕು. ಬಿಟ್ಟ ಮೇಲೆ ಆ ಅಧಿಕಾರಿ ಅವನ ಮನೆಗೆ ಹೋಗಬೇಕು, ಕೆಲಸ ಕೊಡಿಸಲು ಓಡಾಡಬೇಕು, ಪರಿಹಾರ ಕಟ್ಟಿಸಬೇಕು, ಇದು 14ನೇ ಕಲಂ. ಇಷ್ಟೆಲ್ಲ ಮಾಡಲು ತಾಲ್ಲೂಕಿನಲ್ಲಿಯೇ ಒಬ್ಬ ಮನುಷ್ಯ ಬೇಕು. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ನಾಲ್ಕೂ ಕಡೆ ಕೋರ್ಟುಗಳಿವೆ. ಜಿಲ್ಲೆಗೆಲ್ಲ ಸೇರಿ ಬೆರಳೆಣಿಕೆಯ ಅಧಿಕಾರಿಗಳನ್ನಿಟ್ಟು, ಬೇರೆ ಕೆಲಸವನ್ನೂ ಅವರ ಮೇಲೆ ಹೊರಿಸಿದರೆ ವರದಿ ಬರುವುದು ತಡವಾಗುತ್ತದೆ, ತಡವಾದ ವರದಿಗಿಂತ ಸಜೆ ಬರೆಯುವುದು ಸುಲಭವಾಗುತ್ತದೆ. ಕಾಯ್ದೆ ಎಷ್ಟು ಮರೆತುಹೋಗಿದೆ ಅನ್ನುವುದಕ್ಕೆ ಒಂದು ಗುರುತು: ಷರತ್ತು ಮುರಿದವನಿಗೆ ಮೊದಲ ಸಲ ಹಾಕಬಹುದಾದ ದಂಡ 50 ರೂಪಾಯಿ ಮೀರಬಾರದು ಅಂತ ಅದರಲ್ಲಿದೆ. 1958ರಲ್ಲಿ ಅದು ಒಂದು ಮನೆಯ ತಿಂಗಳ ಸಂತೆಯ ಹಣವಾಗಿದ್ದಿರಬಹುದು, ಇಂದು ಒಂದು ದಿನದ ಸಂತೆಗೂ ಸಾಲದು. ಕಾಯ್ದೆಯನ್ನು ದಿನಾ ಬಳಸುತ್ತಿದ್ದರೆ ಯಾರಾದರೂ ಅದನ್ನು ತಿದ್ದುತ್ತಿದ್ದರು.

— ಹಾಗಾದರೆ ಅಧಿಕಾರಿ ಬರುವ ತನಕ ಕಾಯಬೇಕೇ?

— ಬೇಕಿಲ್ಲ. 13ನೇ ಕಲಂ ಓದ್ರಿ. ಸರಕಾರ ನೇಮಿಸಿದವನೇ ಆಗಬೇಕೆಂದಿಲ್ಲ. ಸರಕಾರದ ಮಾನ್ಯತೆ ಪಡೆದ ಸಂಘವೊಂದು ಒದಗಿಸಿದವರು ಪರಿವೀಕ್ಷಣಾಧಿಕಾರಿ ಆಗಬಹುದು. ವಿಶೇಷ ಸಂದರ್ಭದಲ್ಲಿ ಕೋರ್ಟಿಗೆ ಯೋಗ್ಯ ಅನ್ನಿಸಿದ ಬೇರೆ ಯಾರೂ ಆಗಬಹುದು. ನಿವೃತ್ತ ಶಿಕ್ಷಕಿ, ನೇಕಾರರ ಸಹಕಾರ ಸಂಘದ ಹಳೆಯ ಕಾರ್ಯದರ್ಶಿ, ಇಂತಹವರು ಪ್ರತಿ ತಾಲ್ಲೂಕಿನಲ್ಲಿ ಸಿಗುತ್ತಾರೆ. ಪರಿವೀಕ್ಷಣೆ ಅನ್ನುವ ಪದ್ಧತಿ ಹುಟ್ಟಿದ್ದೂ ಹೀಗೆಯೇ. 1841ರಲ್ಲಿ ಅಮೆರಿಕದ ಬಾಸ್ಟನ್ ಊರಿನ ಜಾನ್ ಅಗಸ್ಟಸ್ ಅನ್ನುವ ಬೂಟು ಹೊಲಿಯುವವನು ಕೋರ್ಟಿನಲ್ಲಿ ಒಬ್ಬ ಕುಡುಕನಿಗೆ ತಾನೇ ಜಾಮೀನು ನಿಂತ. ಮೂರು ವಾರದ ಮೇಲೆ ಅವನನ್ನು ಕುಡಿತ ಬಿಟ್ಟ ಸ್ಥಿತಿಯಲ್ಲಿ ನ್ಯಾಯಾಧೀಶರ ಮುಂದೆ ನಿಲ್ಲಿಸಿದ. ಅವರು ಒಂದು ಸೆಂಟ್ ದಂಡ, ಕೋರ್ಟಿನ ಖರ್ಚು ಹಾಕಿ ಬಿಟ್ಟರು. ಅಗಸ್ಟಸ್ ಮುಂದೆ ನೂರಾರು ಜನಕ್ಕೆ ಹೀಗೆ ನಿಂತ. ಅವನಿಗೆ ಸರಕಾರದ ಹುದ್ದೆಯಿರಲಿಲ್ಲ, ಎದುರಿಗಿದ್ದ ಮನುಷ್ಯನ ಗುರುತು ಹಿಡಿದುಕೊಳ್ಳುವ ತಾಳ್ಮೆ ಇತ್ತು. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಪರಿವೀಕ್ಷಣೆಯ ಮೇಲೆ ಬಿಡಬಹುದಾದವನನ್ನು ಬಿಡದಿದ್ದರೆ ನ್ಯಾಯಾಧೀಶರು ತೀರ್ಪಿನಲ್ಲಿ ವಿಶೇಷ ಕಾರಣ ಬರೆಯಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 361ನೇ ಕಲಂ, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 402. ವಕೀಲರು ಶಿಕ್ಷೆಯ ಪ್ರಮಾಣದ ವಾದದ ದಿನ ಬಡವ, ಮಕ್ಕಳೊಂದಿಗ ಅಂತ ಎರಡು ಮಾತು ಹೇಳಿ ಕುಳಿತುಕೊಳ್ಳುವ ಬದಲು ಈ ಕಲಂ ಹಿಡಿದು ನಿಂತರೆ ಅರ್ಧ ಕೆಲಸ ಆದಂತೆ. ಅದು ನಮ್ಮ ವೃತ್ತಿಯ ಪಾಲಿನ ಹೊಣೆ.

— ಸಮುದಾಯ ಸೇವೆಗೆ ಬಾ. ಆ ಹುಡುಗನ ಕೈಗೆ ಕಸಬರಿಗೆ ಕೊಟ್ಟು ಸಂತೆಯ ಬಯಲು ಗುಡಿಸು ಅನ್ನುತ್ತಾರೆ. ಅವನು ಯಾವ ಓಣಿಯವನು ಅಂತ ಊರಿಗೆಲ್ಲ ಗೊತ್ತು. ಗೌಡರ ಮಗನಿಗೆ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಸೇವೆ, ಇವನಿಗೆ ಗಟಾರು. ಆಗ ನೀನು ಏನು ಹೇಳುತ್ತೀ?

— ನೀವು ಎತ್ತಿದ ಆಕ್ಷೇಪಗಳಲ್ಲಿ ಇದೇ ಗಟ್ಟಿಯಾದದ್ದು. ಇದಕ್ಕೆ ಮೊದಲೇ ಬೇಲಿ ಹಾಕದಿದ್ದರೆ ಸಮುದಾಯ ಸೇವೆ ಬೇಡವೇ ಬೇಡ ಅನ್ನುವವರ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಸುಕನ್ಯಾ ಶಾಂತಾ ಪ್ರಕರಣದಲ್ಲಿ ತೀರ್ಪು ಕೊಟ್ಟು, ಜೈಲುಗಳಲ್ಲಿ ಜಾತಿ ನೋಡಿ ಅಡುಗೆ ಒಬ್ಬರಿಗೆ, ಪಾಯಿಖಾನೆ ಇನ್ನೊಬ್ಬರಿಗೆ ಹಂಚುವ ನಿಯಮಗಳನ್ನು ಹೊಡೆದುಹಾಕಿತು. ಜೈಲಿನ ಗೋಡೆಯೊಳಗೆ ನಿಷಿದ್ಧವಾದದ್ದು ಗೋಡೆಯ ಹೊರಗೆ ಶಿಕ್ಷೆಯ ಹೆಸರಿನಲ್ಲಿ ತಿರುಗಿ ಬರಬಾರದು. ಹೊಸ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಆರೇ ಆರು ಅಪರಾಧಗಳಿಗೆ ಇಟ್ಟಿದೆ. ಸಣ್ಣ ಕಳ್ಳತನ, ಸಾರ್ವಜನಿಕ ಜಾಗದಲ್ಲಿ ಕುಡಿದು ಗಲಾಟೆ, ಮಾನಹಾನಿ ಇವು ಅವುಗಳಲ್ಲಿ ಕೆಲವು. ಅದು ಸಮಾಜಕ್ಕೆ ಉಪಯೋಗದ ಕೆಲಸ, ಕೂಲಿ ಇಲ್ಲ ಅಂತ ಹೇಳಿ ಕಾನೂನು ಸುಮ್ಮನಾಗುತ್ತದೆ. ಎಷ್ಟು ತಾಸು, ಯಾವ ಕೆಲಸ, ಯಾರು ಸಹಿ ಮಾಡಬೇಕು, ಯಾವುದೂ ಸಂಹಿತೆಯಲ್ಲಿ ಇಲ್ಲ. ಇಂಗ್ಲೆಂಡ್ 1972ರಲ್ಲಿ ಇದನ್ನು ತಂದಾಗ ಕನಿಷ್ಠ 40 ತಾಸು, ಗರಿಷ್ಠ 240 ತಾಸು ಅಂತ ಕಾನೂನಿನಲ್ಲಿಯೇ ಬರೆದಿತ್ತು. ತಾಸು ಬರೆಯದ ಶಿಕ್ಷೆ ಒಬ್ಬ ನ್ಯಾಯಾಧೀಶರ ಕೈಯಲ್ಲಿ ಎರಡು ದಿನ, ಮತ್ತೊಬ್ಬರ ಕೈಯಲ್ಲಿ ಎರಡು ತಿಂಗಳು ಆಗುತ್ತದೆ. ಆದ್ದರಿಂದ ಪ್ರತಿ ತಾಲ್ಲೂಕಿನ ಕೋರ್ಟಿನಲ್ಲಿ ಕೆಲಸಗಳ ಒಂದು ಪಟ್ಟಿ ಮೊದಲೇ ತಯಾರಿರಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ರೋಗಿಗಳ ಗಾಡಿ ತಳ್ಳುವುದು, ಸರಕಾರಿ ಶಾಲೆಯ ಬೆಂಚು ರಿಪೇರಿ, ರಸ್ತೆ ಬದಿಯ ಸಸಿಗೆ ನೀರು, ಗ್ರಂಥಾಲಯದ ಕೆಲಸ, ಇವು ಸರದಿಯಂತೆ ಬರಬೇಕು, ಹೆಸರು ನೋಡಿ ಅಲ್ಲ. ಗೌಡರ ಮಗನ ಸರದಿಗೆ ಬೆಂಚು ಬಂದರೆ ಅವನು ಬೆಂಚೇ ಬಡಿಯಬೇಕು. ಗಟಾರು, ಪಾಯಿಖಾನೆ ಪಟ್ಟಿಯಲ್ಲಿ ಇರಲೇಬಾರದು. ಎದೆಗೆ ಫಲಕ ಕಟ್ಟುವುದು, ಫೋಟೋ ತೆಗೆದು ಹಂಚುವುದು ಕೂಡದು. ಜಾತಿಯ ದೌರ್ಜನ್ಯ ಮಾಡಿದವನು ಈ ದಾರಿಯಲ್ಲಿ ನುಸುಳುತ್ತಾನೆ ಅನ್ನುವ ಹೆದರಿಕೆ ಇದ್ದರೆ, ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 19ನೇ ಕಲಂ 18 ವರ್ಷ ಮೇಲ್ಪಟ್ಟವರಿಗೆ ಪರಿವೀಕ್ಷಣೆಯ ಬಾಗಿಲನ್ನು ಮುಚ್ಚಿಬಿಟ್ಟಿದೆ. ಅದು ಮುಚ್ಚಿಯೇ ಇರಲಿ.

— ನನಗೆ ಇನ್ನೊಂದು ಕಸಿವಿಸಿ. ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿದವರು ರೈತರು. ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ಕೃಷ್ಣಾ ತೀರ ರೈತ ಸಂಘದವರು ರೊಕ್ಕ ಹಾಕಿ, ಮೈಮುರಿದು ದುಡಿದು ಕಟ್ಟಿದರು, ಶ್ರಮಬಿಂದು ಸಾಗರ ಅಂತ ಹೆಸರಿಟ್ಟರು. ಈ ಭಾಗದಲ್ಲಿ ಊರಿಗಾಗಿ ಪುಕ್ಕಟೆ ದುಡಿಯುವುದು ಮಾನದ ಕೆಲಸ. ಅದನ್ನೇ ಕಳ್ಳನಿಗೆ ಶಿಕ್ಷೆಯಾಗಿ ಕೊಟ್ಟರೆ ನಾಳೆ ಶ್ರಮದಾನಕ್ಕೆ ಬಂದವನನ್ನು ನೋಡಿ ಹುಡುಗರು, ಇವನು ಏನು ಕದ್ದ ಅಂತ ಕೇಳುವುದಿಲ್ಲವೇ?

— ಕೇಳುವ ಹಾಗೆ ಮಾಡಿದರೆ ಕೇಳುತ್ತಾರೆ. ಅದಕ್ಕೇ ಈ ಕೆಲಸ ಬಯಲಿನ ಪ್ರದರ್ಶನ ಆಗಬಾರದು ಅಂದದ್ದು. ಆದರೆ ಚಿಕ್ಕಪಡಸಲಗಿಯ ಉದಾಹರಣೆ ನನ್ನ ಕಡೆಗೂ ಮಾತಾಡುತ್ತದೆ, ಕಾಕಾ. ಅಲ್ಲಿ ದುಡಿದವನು ಆ ನೀರಿನಲ್ಲಿ ತನ್ನದೂ ಪಾಲಿದೆ ಅಂದುಕೊಂಡು ದುಡಿದ. ಪಂಪ್‌ಸೆಟ್ಟಿನ ಕೇಬಲ್ ಕೊಯ್ದ ಹುಡುಗನಿಗೆ ಆ ನೀರು ತನ್ನದಲ್ಲ, ಕಬ್ಬು ತನ್ನದಲ್ಲ, ಕಾರಖಾನೆ ತನ್ನದಲ್ಲ. ಅವನನ್ನು ಒಂದಷ್ಟು ತಾಸಾದರೂ ಊರಿಗೆ ಬೇಕಾದ ಕೆಲಸದಲ್ಲಿ ಊರವರ ಜತೆ ನಿಲ್ಲಿಸುವುದರಲ್ಲಿ ಒಂದು ಸಾಧ್ಯತೆ ಇದೆ, ಬ್ಯಾರಕ್ಕಿನಲ್ಲಿ ಹಳೆಯ ಕಳ್ಳರ ಮಗ್ಗುಲು ಮಲಗಿಸುವುದರಲ್ಲಿ ಅದು ಇಲ್ಲ. ಸಾಧ್ಯತೆ ಅನ್ನುತ್ತಿದ್ದೇನೆ, ಖಾತ್ರಿ ಅನ್ನುತ್ತಿಲ್ಲ.

— ಹಾಜರಿ ಪುಸ್ತಕ, ಸಹಿ, ಮನೆಗೆ ಬಂದು ನೋಡುವುದು... ನಮ್ಮ ಕಡೆ ಹರಣಶಿಕಾರಿಗಳನ್ನು, ಗಂಟಿಚೋರರನ್ನು ಕೇಳಿ ನೋಡು. ಅವರ ಅಜ್ಜಂದಿರಿಗೆ ಹಾಜರಿ ಅಂದರೇನು ಅಂತ ಗೊತ್ತಿತ್ತು.

— ಗೊತ್ತಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ದಾರಿಯಲ್ಲಿ ಮುಂಬಯಿ ಸರಕಾರ ಇಂತಹ ಜನಾಂಗಗಳಿಗೆಂದು ವಿಜಾಪುರ, ಗದಗ, ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್‌ಗಳನ್ನು ಕಟ್ಟಿತು. ತಂತಿ ಬೇಲಿ, ದಿನದ ಹಾಜರಿ, ಹೊರಗೆ ಹೋಗಲು ಪಾಸು. ಅದನ್ನು ಕಟ್ಟಿದವರೂ ಸುಧಾರಣೆ ಅನ್ನುವ ಮಾತನ್ನೇ ಬಳಸಿದರು. ಆ ಕಾಯ್ದೆ ರದ್ದಾದದ್ದು 1952ರಲ್ಲಿ, ಆದರೆ ಹಳೆಯ ಜೈಲು ನಿಯಮಗಳಲ್ಲಿ ಅದರ ನೆರಳು ಉಳಿದಿತ್ತು. 2024ರ ಅದೇ ತೀರ್ಪು ಆ ನೆರಳನ್ನೂ ಮುಟ್ಟಿದೆ. ಎರಡಕ್ಕೂ ಇರುವ ಅಂತರವನ್ನು ನಾನು ಸ್ಪಷ್ಟವಾಗಿ ಹಿಡಿಯಬೇಕು. ಸೆಟ್ಲಮೆಂಟಿನಲ್ಲಿ ಹಾಜರಿ ಹುಟ್ಟಿಗೆ ಇತ್ತು, ತಪ್ಪಿಗೆ ಅಲ್ಲ. ಅದಕ್ಕೆ ಕೊನೆಯ ದಿನ ಇರಲಿಲ್ಲ. ಪರಿವೀಕ್ಷಣೆ ಒಬ್ಬ ವ್ಯಕ್ತಿಯ ಒಂದು ತಪ್ಪು ಸಾಬೀತಾದ ಮೇಲೆ, ಕೋರ್ಟಿನ ಆದೇಶದಿಂದ, ಬರೆದ ಅವಧಿಗೆ ಬರುತ್ತದೆ, ಮೂರು ವರ್ಷ ದಾಟುವಂತಿಲ್ಲ. ಅವಧಿ ಮುಗಿದ ಮೇಲೆ 12ನೇ ಕಲಂ ಪ್ರಕಾರ ಆ ಅಪರಾಧಕ್ಕೆ ಕಾನೂನು ಅಂಟಿಸುವ ಅನರ್ಹತೆಯೂ ಇಲ್ಲ. ಆದರೂ ಪೊಲೀಸರ ರೌಡಿ ಪಟ್ಟಿ ಮತ್ತು ಪರಿವೀಕ್ಷಣೆಯ ಪುಸ್ತಕ ಒಂದಕ್ಕೊಂದು ಬೆರೆತರೆ ನಿಮ್ಮ ಮಾತೇ ಖರೆಯಾಗುತ್ತದೆ. ಆ ಪುಸ್ತಕ ಠಾಣೆಯಲ್ಲಿ ಇರಬಾರದು, ಕೋರ್ಟಿನಲ್ಲಿ ಇರಬೇಕು ಅನ್ನುವುದು ಅದಕ್ಕೇ. ಇನ್ನೊಂದು ಕಂದಕವೂ ಇದೆ. ಪರಿವೀಕ್ಷಣೆಗೆ ಬಿಡಬೇಕಾದರೆ ತಪ್ಪಿತಸ್ಥನಿಗೆ ಅಥವಾ ಅವನ ಜಾಮೀನುದಾರನಿಗೆ ಆ ಕೋರ್ಟಿನ ಹದ್ದಿನಲ್ಲಿ ಖಾಯಂ ಮನೆಯೋ ಕೆಲಸವೋ ಇರಬೇಕು. ಕಬ್ಬಿನ ಸುಗ್ಗಿಗೆ ಮಹಾರಾಷ್ಟ್ರದಿಂದ ಬರುವ ಕಟಾವು ಗ್ಯಾಂಗಿನವನ ಮನೆ ಅಂದರೆ ಹೊಲದ ಬದುವಿನ ಗುಡಿಸಲು. ಅವನು ಮೊದಲ ಸಲ ಸಣ್ಣ ತಪ್ಪು ಮಾಡಿದರೂ ಈ ದಾರಿ ಅವನಿಗೆ ಸುಲಭವಾಗಿ ತೆರೆಯುವುದಿಲ್ಲ. ಕರೆತಂದ ಮುಕಾದಮ, ಕೆಲಸ ಕೊಟ್ಟ ಕಾರಖಾನೆ ಅವನಿಗೆ ನಿಲ್ಲಬೇಕು. ದುಡಿತಕ್ಕೆ ಅವನನ್ನು ಲೆಕ್ಕ ಹಿಡಿದವರು ತೊಂದರೆಗೆ ಬಿದ್ದಾಗಲೂ ಲೆಕ್ಕ ಹಿಡಿಯಬೇಕು.

— ಇಷ್ಟರ ತನಕ ಸಣ್ಣ ತಪ್ಪುಗಳ ಮಾತು, ಬಹುಪಾಲು ಒಪ್ಪಿದೆ. ಪೆರೋಲ್ ಮಾತು ಬೇರೆ. ಕೊಲೆ ಮಾಡಿ ಹಿಂಡಲಗಾ ಜೈಲಿನಲ್ಲೋ ವಿಜಾಪುರ ಜೈಲಿನಲ್ಲೋ ಇರುವವನು ಊರಿಗೆ ಬರುತ್ತಾನೆ. ಸತ್ತವನ ತಾಯಿಯೂ ಅದೇ ಓಣಿಯಲ್ಲಿ ಇರುತ್ತಾಳೆ. ಹೊಲದ ಬದುವಿಗಾಗಿ ಎದ್ದ ವೈರ ಇಲ್ಲಿ ಎರಡು ತಲೆಮಾರು ಆರುವುದಿಲ್ಲ. ಸಾಕ್ಷಿ ಹೇಳಿದವನು ಸಂಜೆಯಾದರೆ ಹೊರಗೆ ಬರುವುದಿಲ್ಲ. ಅವನಿಗೆ ಯಾವ ಕಲಂ ಓದಿ ಹೇಳುತ್ತೀ?

— ಪೆರೋಲ್ ಬಿಡುಗಡೆ ಅಲ್ಲ, ಸಜೆ ಮುಗಿಯುವುದಿಲ್ಲ, ಅವನು ತಿರುಗಿ ಒಳಗೆ ಹೋಗಲೇಬೇಕು. ತಾಯಿ ಸತ್ತಾಗ, ಮಗಳ ಮದುವೆಯಲ್ಲಿ, ಮನೆ ಬಿದ್ದಾಗ, ಹೊಲ ಪಾಳು ಬಿದ್ದಾಗ ಕೆಲ ದಿನ ಮನೆಗೆ ಹೋಗಿ ಬರುವ ಅನುಮತಿ ಅದು. 2024ರಲ್ಲಿ ನಮ್ಮ ಹೈಕೋರ್ಟ್ ಕೊಲೆ ಪ್ರಕರಣದ ಸಜಾಬಂದಿಯೊಬ್ಬರಿಗೆ ಹೊಲದ ಕೆಲಸಕ್ಕೆಂದೇ 90 ದಿನ ಪೆರೋಲ್ ಕೊಡಿಸಿತು. ಮನೆಯಲ್ಲಿ ಗಂಡಾಳು ಇಲ್ಲದಿದ್ದರೆ ಹೊಲ ಅಡವು ಬೀಳುತ್ತದೆ, ಹೊಲ ಹೋದ ಮೇಲೆ ಹೊರಬಂದವನಿಗೆ ತಿರುಗಿ ಬರಲು ಜಾಗ ಇರುವುದಿಲ್ಲ. ಹದಿನೈದು ವರ್ಷ ಊರನ್ನೇ ನೋಡದೆ ಒಮ್ಮೆಲೇ ಹೊರಬಿದ್ದವನಿಂದ ಊರಿಗೆ ಅಪಾಯವೋ, ಷರತ್ತಿನ ಮೇಲೆ ನಾಲ್ಕಾರು ಸಲ ಬಂದುಹೋಗಿ ನಡತೆ ತೋರಿಸಿದವನಿಂದಲೋ? ಬಿಡುಗಡೆಯ ದಿನ ಹೇಗೂ ಬರುತ್ತದೆ. ಕೈದಿಯನ್ನು ಹೀಗೆ ನಂಬಿ ಬಿಡುವುದು ಹೊಸದೂ ಅಲ್ಲ. ನಮ್ಮ ಮಗ್ಗುಲಲ್ಲಿಯೇ, ಈಗಿನ ಸಾಂಗ್ಲಿ ಜಿಲ್ಲೆಯ ಆಟಪಾಡಿ ಹತ್ತಿರ, ಔಂಧ ಸಂಸ್ಥಾನದ ರಾಜರು 1939ರ ಹೊತ್ತಿಗೆ ಪೋಲೆಂಡ್ ಮೂಲದ ಇಂಜಿನಿಯರ್ ಮಾರಿಸ್ ಫ್ರಿಡ್‌ಮನ್ ಅವರ ಪ್ರೇರಣೆಯಿಂದ ಸ್ವತಂತ್ರಪುರ ಅನ್ನುವ ಬಯಲು ಬಂದೀಖಾನೆ ಕಟ್ಟಿದರು. ಘೋರ ತಪ್ಪು ಮಾಡಿದವರು ಗೋಡೆಯಿಲ್ಲದ ಜಾಗದಲ್ಲಿ ಒಕ್ಕಲುತನ ಮಾಡಿದರು. ಶಾಂತಾರಾಮರ 1957ರ ‘ದೋ ಆಂಖೇಂ ಬಾರಹ್ ಹಾಥ್’ ಚಿತ್ರಕ್ಕೆ ಮೂಲ ಅದೇ. ರಾಜಸ್ಥಾನದ ಸಾಂಗಾನೇರದಲ್ಲಿ ಕೈದಿಗಳು ಹೆಂಡತಿ-ಮಕ್ಕಳೊಂದಿಗೆ ಇದ್ದು, ಹಗಲು ಹೊರಗೆ ದುಡಿದು, ಸಂಜೆ ಹಾಜರಿಗೆ ಬರುತ್ತಾರೆ. ನಮ್ಮ ರಾಜ್ಯದಲ್ಲಿ ಬಯಲು ಬಂದೀಖಾನೆ ಇರುವುದು ದೇವನಹಳ್ಳಿ ಹತ್ತಿರದ ಕೋರಮಂಗಲದಲ್ಲಿ. ಕೃಷ್ಣಾ ತೀರದವನಿಗೆ ಅದು ನಾಲ್ಕುನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ.

— ಸತ್ತವನ ತಾಯಿಯ ಮಾತಿಗೆ ನೀನು ಇನ್ನೂ ಬಂದಿಲ್ಲ.

— ಬರುತ್ತೇನೆ. ಆ ಪ್ರಶ್ನೆಗೆ ಈಗಿನ ಪದ್ಧತಿ ಸರಿಯಾದ ಉತ್ತರ ಕೊಡುತ್ತಿಲ್ಲ ಅಂತಲೇ ನನ್ನ ಅಭಿಪ್ರಾಯ. ಪೆರೋಲ್ ಅರ್ಜಿ ಬಂದಾಗ ಪೊಲೀಸರು ವರದಿ ಬರೆಯುತ್ತಾರೆ. ಶಾಂತಿಭಂಗ ಆಗಬಹುದು ಅನ್ನುವ ಒಂದು ಸಾಲು ಬಿದ್ದರೆ ಅರ್ಜಿ ನಿಲ್ಲುತ್ತದೆ, ಆ ಸಾಲು ಯಾರ ಮಾತಿನ ಮೇಲೆ ಬಿತ್ತು ಅನ್ನುವುದು ಕೈದಿಗೂ ತಿಳಿಯುವುದಿಲ್ಲ, ಆ ತಾಯಿಗೂ ತಿಳಿಯುವುದಿಲ್ಲ. ವರದಿ ಬರೆಯುವವರು ಅವಳ ಮನೆಗೆ ಹೋಗಬೇಕು, ಅವಳ ಹೇಳಿಕೆ ಬರೆದುಕೊಳ್ಳಬೇಕು, ಅದು ಅರ್ಜಿಯ ಕೂಡ ಹೋಗಬೇಕು. ಅನುಮತಿ ಸಿಕ್ಕರೆ ಯಾವ ದಿನ ಬರುತ್ತಾನೆ, ಯಾವ ದಿನ ಹೋಗುತ್ತಾನೆ ಅಂತ ಅವಳಿಗೆ ಮೊದಲೇ ತಿಳಿಸಬೇಕು. ವೈರ ಇನ್ನೂ ಹಸಿಯಾಗಿದ್ದರೆ ಅವನು ಆ ಊರಿಗೆ ಬರಬಾರದು, ಬೇರೆ ಊರಿನ ನೆಂಟರ ಮನೆಯಲ್ಲಿ ಇರಬೇಕು ಅಂತ ಷರತ್ತು ಹಾಕಬಹುದು. ವಾರಕ್ಕೊಮ್ಮೆ ಠಾಣೆಯಲ್ಲಿ ಸಹಿ ಮಾಡುವ ಷರತ್ತಂತೂ ಸಾಮಾನ್ಯ. ಸಾಕ್ಷಿ ಹೇಳಿದವನಿಗೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆ ಇದೆ, ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟದ್ದು. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಡಬೇಕು, ವಿಚಾರಣೆ ಮುಗಿದ ಮೇಲಿನ ಬೆದರಿಕೆಗೂ ಅದರಲ್ಲಿ ಜಾಗ ಇದೆ.

— ಬಾಗಲಕೋಟೆಗೆ ಹೋಗಿ ಅರ್ಜಿ ಕೊಡು ಅಂತ ಆ ಸಾಕ್ಷಿಗೆ ಹೇಳುವವರು ಯಾರು? ಕೈದಿಗೆ ವಕೀಲರಿದ್ದಾರೆ. ಇವನಿಗೆ ಯಾರೂ ಇಲ್ಲ. ಅದೊಂದು ಆಗುವ ತನಕ ಪೆರೋಲಿಗೆ ನನ್ನ ಒಪ್ಪಿಗೆ ಇಲ್ಲ, ತಂಗಿ.

— ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಅವನಿಗೂ ವಕೀಲರನ್ನು ಕೊಡಿಸಲು ಆಗುತ್ತದೆ. ಪೆರೋಲ್ ಅರ್ಜಿಯ ಸುದ್ದಿ ಠಾಣೆಗೆ ಬಂದ ದಿನವೇ ಆ ಸಮಿತಿಗೂ ಹೋಗಬೇಕು, ಅಲ್ಲಿಂದ ಒಬ್ಬರು ಸಾಕ್ಷಿಯ ಮನೆಗೆ ಹೋಗಬೇಕು. ಅಷ್ಟನ್ನು ಬರೆದು ಜಮಖಂಡಿಯ ಸಮಿತಿಗೆ ಒಂದು ಮನವಿ ಕೊಡಬಹುದು. ನೀವು ಸಹಿ ಹಾಕುವುದಾದರೆ ಮೊದಲ ಸಾಲಿನಲ್ಲಿ ಪೆರೋಲಿನ ಮಾತಿಗಿಂತ ಮುಂಚೆ ಆ ತಾಯಿಯ ಮಾತನ್ನೇ ಬರೆಯುತ್ತೇನೆ.